ಮೊದಲ ಕ್ರಿಸ್‌ಮಸ್‌ಗೇ ಐದು ದೇಶ ಬೇಡ, ಆದರೆ ಮಗಳನ್ನು ಸುತ್ತಲು ಬಿಡಿ

ಪ್ರಶ್ನೆ: ನಾವು ಡೊಂಬಿವಲಿಯವರು, ಮೂಲ ಉಡುಪಿ ಕಡೆ. ಮಗಳು ಪುಣೆಯಲ್ಲಿ ಮೆಕ್ಯಾನಿಕಲ್ ಬಿ.ಇ. ಮುಗಿಸಿದ್ದಾಳೆ. ಬರುವ ಅಕ್ಟೋಬರಿನಿಂದ ಜರ್ಮನಿಯ ಸ್ಟುಟ್‌ಗಾರ್ಟ್ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಓದಲು ಸೀಟು ಸಿಕ್ಕಿದೆ, ಬ್ಯಾಂಕ್ ಸಾಲವೂ ಮಂಜೂರಾಗಿದೆ. ಅವಳ ಸೀನಿಯರ್‌ಗಳ ಇನ್‌ಸ್ಟಾಗ್ರಾಮ್ ನೋಡಿದರೆ ವಾರಕ್ಕೊಂದು ದೇಶ. ಇವಳೂ ಕ್ರಿಸ್‌ಮಸ್ ರಜೆಗೆ ಪ್ಯಾರಿಸ್, ಪ್ರಾಗ್, ರೋಮ್, ಜ್ಯೂರಿಕ್, ಲಂಡನ್ ಎಂದು ಈಗಲೇ ಪಟ್ಟಿ ಮಾಡಿಟ್ಟುಕೊಂಡಿದ್ದಾಳೆ. "ಸಾಲ ಮಾಡಿ ಓದಕ್ಕೆ ಕಳಿಸ್ತಿರೋದಾ, ಊರು ಸುತ್ತಕ್ಕಾ?" ಎಂದು ಅವಳ ಅಪ್ಪ ಕೇಳುತ್ತಾರೆ. ಅಲ್ಲಿನ ವಿದ್ಯಾರ್ಥಿಗಳ ದಿನನಿತ್ಯದ ಬದುಕು ನಿಜಕ್ಕೂ ಹೇಗಿರುತ್ತದೆ? ಸುತ್ತಾಟಕ್ಕೆ ಕಾನೂನಿನ ತೊಡಕು ಇದೆಯೇ, ದುಡ್ಡು ಎಲ್ಲಿಂದ ಬರುತ್ತದೆ? ನಾವು ಎಷ್ಟು ಬಿಡಬೇಕು, ಎಲ್ಲಿ ತಡೆಯಬೇಕು?

ಉತ್ತರ: ಮಗಳನ್ನು ಸುತ್ತಲು ಬಿಡಿ. ಆದರೆ ಆ ಐದು ದೇಶಗಳ ಪಟ್ಟಿಯನ್ನು ಮೊದಲ ಚಳಿಗಾಲದಲ್ಲಿ ಮುಟ್ಟುವುದು ಬೇಡ. ಪುಣೆಯಲ್ಲಿ ಕೂತು ಜರ್ಮನಿಗೆ ಹೊರಟ ಮಕ್ಕಳ ಕಾಗದಪತ್ರ ನೋಡುವ ಕೆಲಸ ನನ್ನದು. ಹೋದವರು ಬರೆಯುವುದನ್ನು ವರ್ಷಗಳಿಂದ ಓದುತ್ತಿದ್ದೇನೆ. ಅಲ್ಲಿ ಚೆನ್ನಾಗಿ ಓದಿ, ಚೆನ್ನಾಗಿ ಸುತ್ತಿ, ಗಟ್ಟಿಯಾಗಿ ಬದುಕಿ ಬಂದವರಲ್ಲಿ ನಾನು ಕಂಡ ಒಂದು ಗುಣವಿದೆ. ಅವರು ಮೊದಲು ತಾವಿರುವ ಊರಿನಲ್ಲಿ ನೆಲೆ ಕಂಡುಕೊಳ್ಳುತ್ತಾರೆ, ಅಲ್ಲಿಂದ ಸ್ವಲ್ಪ ಸ್ವಲ್ಪವೇ ದೂರಕ್ಕೆ ಹೋಗುತ್ತಾರೆ. ಬಂದಿಳಿದ ಕೂಡಲೇ ಸೂಟ್‌ಕೇಸ್ ಹಿಡಿದು ಓಡುವವರಿಗೆ ಊರೂ ದಕ್ಕುವುದಿಲ್ಲ, ಸುತ್ತಾಟವೂ ದಕ್ಕುವುದಿಲ್ಲ.

ಪಟ್ಟಿಯಲ್ಲಿ ಲಂಡನ್ ಇರುವುದರಿಂದ ಕಾನೂನಿನಿಂದಲೇ ಶುರು ಮಾಡುತ್ತೇನೆ. ನಿಮ್ಮ ಮಗಳಿಗೆ ಮುಂಬೈನ ಜರ್ಮನ್ ಕಾನ್ಸುಲೇಟ್ ಕೊಡುವುದು ರಾಷ್ಟ್ರೀಯ ವೀಸಾ, ಅಂದರೆ 'ಡಿ' ವೀಸಾ. ಅದು ಇರುವಷ್ಟು ದಿನ, ಆಮೇಲೆ ಸ್ಟುಟ್‌ಗಾರ್ಟ್‌ನಲ್ಲಿ ಸಿಗುವ ವಾಸದ ಪರವಾನಗಿ ಕಾರ್ಡ್ ಇರುವಷ್ಟು ದಿನ, ಷೆಂಗೆನ್ ವಲಯದ (ತಮ್ಮ ನಡುವಿನ ಗಡಿಗಳನ್ನು ತೆರೆದಿಟ್ಟುಕೊಂಡ ಯುರೋಪಿನ ದೇಶಗಳ ಗುಂಪು) ಬೇರೆ ದೇಶಗಳಿಗೆ ಬೇರೆ ವೀಸಾ ಇಲ್ಲದೆ ಹೋಗಬಹುದು. ಯಾವುದೇ 180 ದಿನಗಳ ಅವಧಿಯಲ್ಲಿ ಒಟ್ಟು 90 ದಿನ ಎಂಬುದು ಮಿತಿ. ಜರ್ಮನಿಯೊಳಗಿನ ದಿನಗಳು ಈ ಲೆಕ್ಕಕ್ಕೆ ಬರುವುದಿಲ್ಲ, ಹೀಗಾಗಿ ಓದುವ ಹುಡುಗಿ ಆ ಮಿತಿ ದಾಟುವ ಸಂಭವ ಕಡಿಮೆ. 2023ರ ಜನವರಿಯಲ್ಲಿ ಕ್ರೊಯೇಷಿಯಾ ಸೇರಿತು, 2025ರ ಜನವರಿಯಿಂದ ಬಲ್ಗೇರಿಯಾ, ರುಮೇನಿಯಾಗಳ ಭೂಗಡಿಗಳೂ ತೆರೆದವು. ಈಗ ಒಟ್ಟು 29 ದೇಶಗಳಿವೆ. ಸ್ವಿಟ್ಜರ್‌ಲೆಂಡ್ ಯುರೋಪಿಯನ್ ಒಕ್ಕೂಟದಲ್ಲಿ ಇಲ್ಲದಿದ್ದರೂ ಷೆಂಗೆನ್‌ನಲ್ಲಿದೆ, ಆದ್ದರಿಂದ ಜ್ಯೂರಿಕ್‌ಗೆ ತೊಂದರೆ ಇಲ್ಲ. ಬ್ರಿಟನ್ ಮತ್ತು ಐರ್ಲೆಂಡ್ ಎರಡೂ ಇದರ ಹೊರಗೆ. ಲಂಡನ್‌ಗೆ ಬೇರೆ ವೀಸಾ, ಬೇರೆ ಶುಲ್ಕ, ಬೇರೆ ಅರ್ಜಿ. ವಿಮಾನದ ಟಿಕೆಟ್ ಅಗ್ಗ ಎಂದು ಮೊದಲು ಅದನ್ನು ಕೊಂಡು ಆಮೇಲೆ ವೀಸಾ ನೆನಪಾದವರಿದ್ದಾರೆ.

ಇನ್ನೊಂದು ವಿಷಯ ಇದಕ್ಕಿಂತ ಸೂಕ್ಷ್ಮ. ವಿದ್ಯಾರ್ಥಿಗಳ ಡಿ ವೀಸಾ ಬಹಳ ಸಲ ಕೆಲವೇ ತಿಂಗಳುಗಳಿಗೆ ಇರುತ್ತದೆ. ಅದು ಮುಗಿಯುವ ಮುನ್ನ ಅಲ್ಲಿನ ವಿದೇಶಿಯರ ಕಚೇರಿಯಲ್ಲಿ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ಜರ್ಮನಿಯ ದೊಡ್ಡ ನಗರಗಳಲ್ಲಿ ಅಪಾಯಿಂಟ್‌ಮೆಂಟ್‌ಗೆ ತಿಂಗಳುಗಟ್ಟಲೆ ಕಾಯಬೇಕಾಗುವುದು ಮಾಮೂಲು. ನಡುವೆ ವೀಸಾ ಮುಗಿದರೆ 'ಫಿಕ್ಷನ್ಸ್‌ಬೆಶೈನಿಗುಂಗ್' ಎಂಬ ಮಡಚುವ ಹಾಳೆಯೊಂದನ್ನು ಕೊಡುತ್ತಾರೆ. ಅರ್ಜಿ ತೀರ್ಮಾನವಾಗುವವರೆಗೆ ನಿನ್ನ ವಾಸ ಸಕ್ರಮ ಎಂದು ಹೇಳುವ ಹಾಳೆ ಅದು. ಅದರಲ್ಲಿ ಯಾವ ಚೌಕಕ್ಕೆ ಗುರುತು ಹಾಕಿದ್ದಾರೆ ಎಂಬುದರ ಮೇಲೆ ದೇಶದ ಹೊರಗೆ ಹೋಗಿ ವಾಪಸ್ ಬರಬಹುದೋ ಇಲ್ಲವೋ ಎಂಬುದು ನಿಂತಿದೆ. ಹಿಂದೆ ಇದ್ದ ಪರವಾನಗಿ ಮುಂದುವರಿಯುತ್ತದೆ ಎನ್ನುವ ಚೌಕವಾದರೆ ಮರಳಿ ಬರಬಹುದು. ಇನ್ನೊಂದು ಬಗೆಯ ಹಾಳೆಯಾದರೆ ಒಳಗೆ ಇರುವುದಕ್ಕೆ ಮಾತ್ರ ಅನುಮತಿ, ಹೊರಗೆ ಹೋದರೆ ಬಾಗಿಲು ಮುಚ್ಚಿದಂತೆ. ವಿಮಾನಯಾನ ಕಂಪನಿಯ ಕೌಂಟರಿನಲ್ಲಿ ಕೂತವರಿಗೆ ಈ ಹಾಳೆಯ ಪರಿಚಯ ಇರಲೇಬೇಕೆಂದೂ ಇಲ್ಲ. ಆದ್ದರಿಂದ ನನ್ನ ಸಲಹೆ ಕಟ್ಟುನಿಟ್ಟಾದದ್ದು: ಕೈಯಲ್ಲಿ ಆ ಹಾಳೆ ಮಾತ್ರ ಇರುವಾಗ ಬೇರೆ ದೇಶಕ್ಕೆ ಟಿಕೆಟ್ ಕೊಳ್ಳಬಾರದು. ಮಗಳ ವೀಸಾ ಬಂದ ದಿನ ಮೊದಲು ನೋಡಬೇಕಾದದ್ದು ಅದರ ಕೊನೆಯ ದಿನಾಂಕ. ಅದು ಮಾರ್ಚ್ ದಾಟುತ್ತದಾದರೆ ಡಿಸೆಂಬರಿನ ಬಗ್ಗೆ ಯೋಚಿಸಬಹುದು, ಡಿಸೆಂಬರಿನಲ್ಲೇ ಮುಗಿಯುತ್ತದಾದರೆ ಮಾತೇ ಇಲ್ಲ.

ಷೆಂಗೆನ್‌ನೊಳಗೆ ಗಡಿ ತಪಾಸಣೆ ಇಲ್ಲ ಎಂಬ ಹಳೆಯ ಮಾತನ್ನೂ ಪೂರ್ತಿ ನಂಬಬೇಡಿ. 2024ರ ಸೆಪ್ಟೆಂಬರ್ 16ರಿಂದ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲಿ ಮತ್ತೆ ತಪಾಸಣೆ ಆರಂಭಿಸಿತು. ರಾತ್ರಿ ಬಸ್ಸನ್ನು ಹೆದ್ದಾರಿ ಬದಿಗೆ ನಿಲ್ಲಿಸಿ ಪೊಲೀಸರು ಒಳಗೆ ಬರುತ್ತಾರೆ. ಪಾಸ್‌ಪೋರ್ಟೂ ಕಾರ್ಡೂ ಮೂಲಪ್ರತಿಯೇ ಕೈಯಲ್ಲಿರಬೇಕು, ಮೊಬೈಲಿನ ಫೋಟೊ ಸಾಲದು.

ಇನ್ನು ದಿನನಿತ್ಯದ ಬದುಕು. ನೀವು ಕೇಳಿದ್ದರಲ್ಲಿ ಇದೇ ದೊಡ್ಡ ಪ್ರಶ್ನೆ, ಇನ್‌ಸ್ಟಾಗ್ರಾಮಿನಲ್ಲಿ ಕಾಣದಿರುವುದೂ ಇದೇ.

ಮನೆ ಸಿಕ್ಕ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆ ಮಾಲೀಕರ ಸಹಿ ಇರುವ ದೃಢೀಕರಣ ಬೇಕು. ಆ ನೋಂದಣಿ ಆದಮೇಲೆ ಬ್ಯಾಂಕ್, ತೆರಿಗೆ ಸಂಖ್ಯೆ, ವಾಸದ ಪರವಾನಗಿ ಎಲ್ಲವೂ ಒಂದರ ಹಿಂದೆ ಒಂದು ಬರುತ್ತವೆ. ತಾತ್ಕಾಲಿಕ ಮನೆಯವರು ಆ ಸಹಿ ಕೊಡಲು ಒಪ್ಪದಿದ್ದರೆ ಇಡೀ ಸರಪಳಿಯೇ ನಿಲ್ಲುತ್ತದೆ. ಬಾಡಿಗೆ ಮಾತಾಡುವಾಗಲೇ ಇದನ್ನು ಕೇಳಿಕೊಳ್ಳಲಿ. ಅಲ್ಲಿ ಮುಖ್ಯವಾದದ್ದೆಲ್ಲ ಇನ್ನೂ ಅಂಚೆಯಲ್ಲಿ ಬರುತ್ತದೆ, ಅದೂ ಜರ್ಮನ್ ಭಾಷೆಯಲ್ಲಿ. ಅಂಚೆ ಪೆಟ್ಟಿಗೆಯ ಮೇಲೆ ಅವಳ ಹೆಸರು ಅಂಟಿಸಿರದಿದ್ದರೆ ಪತ್ರ ವಾಪಸ್ ಹೋಗುತ್ತದೆ. ಬ್ಯಾಂಕ್ ಕಾರ್ಡು, ವಿಮೆಯ ಕಾರ್ಡು ಹೀಗೆ ಕಳೆದುಹೋಗಿ ವಾರಗಟ್ಟಲೆ ಪರದಾಡಿದ ಮಕ್ಕಳು ಎಷ್ಟೋ ಮಂದಿ.

ಆದ್ದರಿಂದ ಕೋರ್ಸು ಇಂಗ್ಲಿಷಿನಲ್ಲಿದೆ ಎಂದು ಜರ್ಮನ್ ಕಲಿಯದೆ ಹೋಗುವುದು ತಪ್ಪು. ಪುಣೆಯ ಬೋಟ್ ಕ್ಲಬ್ ರಸ್ತೆಯಲ್ಲಿ, ಮುಂಬೈನ ಕಾಲಾ ಘೋಡಾದಲ್ಲಿ ಜರ್ಮನ್ ಕಲಿಸುವ ಮ್ಯಾಕ್ಸ್ ಮುಲ್ಲರ್ ಭವನಗಳಿವೆ. ಹೊರಡುವ ಮುಂಚೆ ಎ2, ಅಂದರೆ ಕಲಿಕೆಯ ಎರಡನೇ ಮಟ್ಟದವರೆಗೆ ಮುಗಿಸಿಕೊಂಡರೆ ಪತ್ರದ ತಲೆಬರಹವಾದರೂ ಅರ್ಥವಾಗುತ್ತದೆ. ಸುತ್ತಾಟಕ್ಕೂ ಇದರಿಂದ ಉಪಯೋಗವಿದೆ. ರೈಲು ನಿಲ್ದಾಣದಲ್ಲಿ ಪ್ಲಾಟ್‌ಫಾರ್ಮ್ ಬದಲಾಯಿತು ಎಂದು ಕೊನೇ ಗಳಿಗೆಯಲ್ಲಿ ಕೂಗುವುದು ಜರ್ಮನ್‌ನಲ್ಲೇ.

ಸ್ಟುಟ್‌ಗಾರ್ಟ್ ಇರುವ ಸ್ವಾಬಿಯನ್ ಸೀಮೆಯಲ್ಲಿ 'ಕೇರ್‌ವೋಹೆ' ಎಂಬ ಪದ್ಧತಿಯಿದೆ. ಕಟ್ಟಡದ ಮೆಟ್ಟಿಲು, ಮುಂದಿನ ಕಾಲುದಾರಿ ಗುಡಿಸಿ ಒರೆಸುವ ಪಾಳಿ ವಾರಕ್ಕೊಬ್ಬರಂತೆ ಮನೆಮನೆಗೆ ಬರುತ್ತದೆ. ಬಾಗಿಲಿಗೆ ಸಣ್ಣ ಫಲಕ ತೂಗಿದರೆ ಆ ವಾರ ನಿಮ್ಮದು. ಡೊಂಬಿವಲಿಯ ಸೊಸೈಟಿಯಲ್ಲಿ ಆ ಕೆಲಸಕ್ಕೆ ಜನವಿರುತ್ತಾರೆ, ಅಲ್ಲಿ ವಿದ್ಯಾರ್ಥಿನಿಯೇ ಮಾಡಬೇಕು. ಮಾಡದೆ ಪ್ರವಾಸ ಹೋದರೆ ನೆರೆಯವರ ವಿಶ್ವಾಸ ಹೋಗುತ್ತದೆ, ಅದನ್ನು ಮರಳಿ ಗಳಿಸುವುದು ಕಷ್ಟ. ರಾತ್ರಿ ಹತ್ತರ ಮೇಲೆ ಸದ್ದು ಮಾಡುವಂತಿಲ್ಲ. ಭಾನುವಾರ ಅಂಗಡಿ ತೆರೆಯುವುದಿಲ್ಲ, ಗಾಜಿನ ಬಾಟಲಿಯನ್ನು ಕಸದ ಡಬ್ಬಕ್ಕೆ ಹಾಕುವಂತೆಯೂ ಇಲ್ಲ. ಡಿಸೆಂಬರ್ 24ರ ಮಧ್ಯಾಹ್ನದಿಂದ 26ರವರೆಗೆ ಊರೇ ಮುಚ್ಚಿರುತ್ತದೆ. ಮೊದಲ ಕ್ರಿಸ್‌ಮಸ್‌ಗೆ ಅಕ್ಕಿ ತೀರಿಸಿಕೊಂಡು ಕೂರದಿರಲಿ. ಹಾಸ್ಟೆಲಿನ ಸಾಮೂಹಿಕ ಅಡುಗೆಮನೆಯಲ್ಲಿ ಒಗ್ಗರಣೆಯ ಹೊಗೆ ಎದ್ದು ಬೆಂಕಿಯ ಅಲಾರಂ ಹೊಡೆದುಕೊಂಡರೆ ಅಗ್ನಿಶಾಮಕದವರು ಬಂದೇಬಿಡುತ್ತಾರೆ, ಕೆಲವು ಕಡೆ ಬಿಲ್ಲೂ ಬರುತ್ತದೆ. ಕಿಟಕಿ ತೆರೆದು, ಬಾಣಲೆ ಹದವಾಗಿ ಕಾಯಿಸಿ ಸಾಸಿವೆ ಹಾಕುವುದನ್ನು ನೀವೇ ಈಗ ಹೇಳಿಕೊಡಿ.

ನವೆಂಬರಿನಿಂದ ಫೆಬ್ರವರಿವರೆಗಿನ ಕಾಲ ನಮ್ಮ ಕಡೆಯ ಮಕ್ಕಳಿಗೆ ತುಂಬ ಭಾರ. ಡಿಸೆಂಬರಿನಲ್ಲಿ ಅಲ್ಲಿ ಸಂಜೆ ನಾಲ್ಕೂವರೆಗೆ ಕತ್ತಲು. ನಮಗೂ ಅವರಿಗೂ ಬೇಸಿಗೆಯಲ್ಲಿ ಮೂರೂವರೆ ಗಂಟೆ ವ್ಯತ್ಯಾಸ, ಚಳಿಗಾಲದಲ್ಲಿ ಅದು ನಾಲ್ಕೂವರೆ ಗಂಟೆ. ಅವಳ ತರಗತಿ, ಅಡುಗೆ ಮುಗಿಯುವ ಹೊತ್ತಿಗೆ ನಿಮ್ಮ ಮನೆಯಲ್ಲಿ ಮಧ್ಯರಾತ್ರಿ. ಮುಂಬೈನ ಲೋಕಲ್‌ನಲ್ಲಿ ನಿಂತು ಹೋದ, ಪುಣೆಯಲ್ಲಿ ಪಿ.ಜಿ. ಹಂಚಿಕೊಂಡ ಹುಡುಗಿಗೆ ಜನರ ನಡುವೆ ಇರುವುದು ರೂಢಿ. ಇಡೀ ದಿನ ಯಾರೂ ಮಾತಾಡಿಸದ ಮೌನಕ್ಕೆ ಅವಳು ತಯಾರಾಗಿರುವುದಿಲ್ಲ. ಈ ಕಾರಣಕ್ಕೇ ಚಿಕ್ಕ ಚಿಕ್ಕ ಸುತ್ತಾಟ ಬೇಕು ಎನ್ನುತ್ತೇನೆ. ಶನಿವಾರ ಬೆಳಿಗ್ಗೆ ಹೊರಟು ಸಂಜೆ ಮರಳುವ ಪ್ರವಾಸ ಮನಸ್ಸಿಗೆ ಮಾಡುವ ಒಳ್ಳೆಯದನ್ನು ಐದು ದೇಶದ ಓಟ ಮಾಡುವುದಿಲ್ಲ. ದುಗುಡ ಹೆಚ್ಚಾದರೆ ಅಲ್ಲಿನ ವಿದ್ಯಾರ್ಥಿ ಸೇವಾ ಸಂಸ್ಥೆಗಳಲ್ಲಿ ಮನಃಶಾಸ್ತ್ರಜ್ಞರ ಸಲಹೆ ಸಿಗುತ್ತದೆ. ಅದನ್ನು ಬಳಸುವುದರಲ್ಲಿ ನಾಚಿಕೆಯಿಲ್ಲ ಎಂಬ ಮಾತನ್ನು ಅವಳು ನಿಮ್ಮ ಬಾಯಿಂದಲೇ ಕೇಳಿ ಹೋಗಲಿ.

ದುಡ್ಡಿನ ವಿಷಯಕ್ಕೆ ಬರುತ್ತೇನೆ, ಅಪ್ಪನ ಸಿಟ್ಟಿಗೆ ಉತ್ತರ ಇಲ್ಲಿದೆ. 2024ರ ಸೆಪ್ಟೆಂಬರಿನಿಂದ ವಿದ್ಯಾರ್ಥಿ ವೀಸಾಕ್ಕೆ ಬ್ಲಾಕ್ಡ್ ಅಕೌಂಟಿನಲ್ಲಿ ವರ್ಷಕ್ಕೆ 11,904 ಯೂರೊ ಇಡಬೇಕು. ಅದು ತಿಂಗಳಿಗೆ 992 ಯೂರೊದಂತೆ ಬಿಡುಗಡೆಯಾಗುತ್ತದೆ. ಸ್ಟುಟ್‌ಗಾರ್ಟ್ ದುಬಾರಿ ಊರು. ವಿದ್ಯಾರ್ಥಿ ಹಾಸ್ಟೆಲ್ ಸಿಕ್ಕರೆ ಬಾಡಿಗೆ ಸುಮಾರು 350ರಿಂದ 450, ಹೊರಗೆ ಮನೆ ಹಂಚಿಕೊಂಡರೆ ಅದಕ್ಕಿಂತ ಬಹಳ ಹೆಚ್ಚು. ಸರ್ಕಾರಿ ಆರೋಗ್ಯ ವಿಮೆಗೆ ಹತ್ತಿರ ಹತ್ತಿರ 150. ಟಿ.ವಿ., ರೇಡಿಯೊ ಇರಲಿ ಬಿಡಲಿ, ಮನೆಯೊಂದಕ್ಕೆ ತಿಂಗಳಿಗೆ 18.36 ಯೂರೊ ಪ್ರಸಾರ ಶುಲ್ಕ. ಊಟ, ಫೋನು, ರೈಲು ಪಾಸು ಸೇರಿದರೆ ಕೊನೆಗೆ ನೂರು ಯೂರೊ ಉಳಿದರೆ ದೊಡ್ಡದು. ಇದಲ್ಲದೆ ಆ ಊರಿರುವ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ 2017ರ ಚಳಿಗಾಲದ ಸೆಮಿಸ್ಟರಿನಿಂದ ಯುರೋಪೇತರ ವಿದ್ಯಾರ್ಥಿಗಳಿಗೆ ಸೆಮಿಸ್ಟರಿಗೆ 1,500 ಯೂರೊ ಬೋಧನಾ ಶುಲ್ಕವಿದೆ. ಜರ್ಮನಿಯಲ್ಲಿ ಓದು ಉಚಿತ ಎಂದು ಕೇಳಿಕೊಂಡು ಬಂದವರು ಇದನ್ನು ಮರೆಯುತ್ತಾರೆ. ಮಗಳ ಪ್ರವೇಶ ಪತ್ರದಲ್ಲಿ ನೋಡಿ, ಈ ಮೊತ್ತವನ್ನು ಬ್ಲಾಕ್ಡ್ ಅಕೌಂಟಿನ ಹೊರಗೆ ಬೇರೆಯಾಗಿ ತೆಗೆದಿಡಿ.

ಅಂದರೆ ನೀವು ಕಳಿಸುವ ದುಡ್ಡಿನಲ್ಲಿ ಪ್ರವಾಸಕ್ಕೆ ಜಾಗವೇ ಇಲ್ಲ. ಸಾಲದ ದುಡ್ಡಿನಲ್ಲಂತೂ ಸುತ್ತಲೇಬಾರದು. ಕಂತು ಶುರುವಾಗುವುದು ಓದು ಮುಗಿದ ಮೇಲಾದರೂ ಬಡ್ಡಿ ಸಾಲದ ಹಣ ಬಿಡುಗಡೆಯಾದ ದಿನದಿಂದಲೇ ಏರುತ್ತದೆ. ಪ್ರವಾಸದ ಖರ್ಚು ಅವಳ ದುಡಿಮೆಯಿಂದ ಬರಲಿ. 2024ರ ಮಾರ್ಚಿನಿಂದ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು. ವಿಶ್ವವಿದ್ಯಾಲಯದೊಳಗೆ ಪ್ರಾಧ್ಯಾಪಕರ ಕೈಕೆಳಗೆ ಮಾಡುವ ಸಹಾಯಕ ಕೆಲಸವನ್ನು ಅಲ್ಲಿ 'ಹಿವಿ' ಎನ್ನುತ್ತಾರೆ, ಅದು ಈ ಮಿತಿಗೆ ಲೆಕ್ಕವಿಲ್ಲ. ಕನಿಷ್ಠ ಕೂಲಿ 2026ರ ಜನವರಿಯಿಂದ ಗಂಟೆಗೆ 13.90 ಯೂರೊ. ವಾರಕ್ಕೆ ಎಂಟು ಗಂಟೆ ದುಡಿದರೂ ಒಂದು ಸೆಮಿಸ್ಟರಿನ ಸುತ್ತಾಟ ಆರಾಮವಾಗಿ ನಡೆಯುತ್ತದೆ. ಆದರೆ ಮೊದಲ ಸೆಮಿಸ್ಟರಿನಲ್ಲಿ ಕೆಲಸ ಸಿಗುತ್ತದೆ ಎಂದು ಎಣಿಸುವುದು ಬೇಡ, ಸಿಕ್ಕರೂ ಓದಿಗೆ ಹಿಡಿತ ಬರುವವರೆಗೆ ಹಿಡಿಯುವುದೂ ಬೇಡ. ಪ್ರವಾಸದ ವಿಡಿಯೊ ಮಾಡಿ ಯೂಟ್ಯೂಬಿನಿಂದ ದುಡಿಯುವ ಆಲೋಚನೆ ಇದ್ದರೆ ಅದು ಸ್ವಂತ ಉದ್ಯೋಗದ ಲೆಕ್ಕ. ವಿದ್ಯಾರ್ಥಿ ಪರವಾನಗಿಯ ಮೇಲೆ ಅದಕ್ಕೆ ಪ್ರತ್ಯೇಕ ಅನುಮತಿ ಬೇಕು.

ಇದನ್ನೇ ಅಪ್ಪನಿಗೆ ಹೇಳಿ: ಪ್ರವಾಸಕ್ಕೆ ನಾವು ಒಂದು ರೂಪಾಯಿ ಕೊಡುವುದಿಲ್ಲ, ಅವಳ ದುಡಿಮೆಯಲ್ಲಿ ಹೋದರೆ ಪ್ರಶ್ನಿಸುವುದೂ ಇಲ್ಲ. ಈ ಒಪ್ಪಂದವಾದ ಮನೆಗಳಲ್ಲಿ ಜಗಳ ನಿಂತದ್ದನ್ನು ನಾನು ನೋಡಿದ್ದೇನೆ.

ಸಮಯದ ಲೆಕ್ಕವೂ ಅವರಿಗೆ ತಿಳಿದಿರಲಿ. ಸ್ಟುಟ್‌ಗಾರ್ಟ್‌ನಲ್ಲಿ ಚಳಿಗಾಲದ ತರಗತಿಗಳು ಅಕ್ಟೋಬರ್ ಮಧ್ಯದಿಂದ ಫೆಬ್ರವರಿ ಮೊದಲ ಭಾಗದವರೆಗೆ, ಬೇಸಿಗೆಯವು ಏಪ್ರಿಲ್ ಮಧ್ಯದಿಂದ ಜುಲೈವರೆಗೆ. ನಡುವಿನ ತಿಂಗಳುಗಳು ಕ್ಯಾಲೆಂಡರಿನಲ್ಲಿ ತರಗತಿ ಇಲ್ಲದ ಕಾಲ ಎಂದು ಕಾಣುತ್ತವೆ. ಮಕ್ಕಳು ಅದನ್ನು ರಜೆ ಎಂದು ತಿಳಿದು ಟಿಕೆಟ್ ಮಾಡಿಬಿಡುತ್ತಾರೆ, ಆದರೆ ಪರೀಕ್ಷೆಗಳು ಬರುವುದು ಆ ತಿಂಗಳುಗಳಲ್ಲೇ. ವಿಷಯವೊಂದನ್ನು ಅನುಮತಿ ಇರುವಷ್ಟು ಸಲ ಬರೆದೂ ಪಾಸಾಗದಿದ್ದರೆ ಆ ಕೋರ್ಸಿನಿಂದಲೇ ಹೊರಹಾಕುವ ನಿಯಮ ಜರ್ಮನಿಯಲ್ಲಿದೆ. ನಮ್ಮ ಎಂಜಿನಿಯರಿಂಗ್ ಕಾಲೇಜಿನ ಬ್ಯಾಕ್‌ಲಾಗ್‌ನಂತೆ ಎಳೆದುಕೊಂಡು ಹೋಗಲು ಬಿಡುವುದಿಲ್ಲ. ನಿಜವಾಗಿ ಬಿಡುವು ಸಿಗುವುದು ಕ್ರಿಸ್‌ಮಸ್‌ನ ಎರಡು ವಾರ, ವಸಂತದ ಕೊನೆಗೆ ಬರುವ ಪೆಂಟಕೋಸ್ಟ್ ಎಂಬ ಕ್ರೈಸ್ತ ಹಬ್ಬದ ವಾರ, ಮತ್ತೆ ಕೊನೆಯ ಪರೀಕ್ಷೆಗೂ ಮುಂದಿನ ಸೆಮಿಸ್ಟರಿಗೂ ನಡುವಿನ ಕೆಲವು ದಿನ. ನನ್ನನ್ನು ಕೇಳಿದರೆ ಮೇ, ಜೂನ್ ತಿಂಗಳ ವಾರಾಂತ್ಯಗಳೇ ಚಿನ್ನ. ಬೆಳಕು ರಾತ್ರಿ ಒಂಬತ್ತರವರೆಗೆ ಇರುತ್ತದೆ, ಪರೀಕ್ಷೆಯ ಒತ್ತಡ ಇನ್ನೂ ದೂರ.

ಸುತ್ತುವುದು ಹೇಗೆ? 2023ರ ಮೇ ತಿಂಗಳಲ್ಲಿ ಜರ್ಮನಿಯಲ್ಲಿ ಇಡೀ ದೇಶಕ್ಕೆ ಒಂದೇ ಪಾಸು ಬಂತು, ಹೆಸರು ಡಾಯ್ಚ್‌ಲಾಂಡ್‌ಟಿಕೆಟ್. ಆಗ ತಿಂಗಳಿಗೆ 49 ಯೂರೊ ಇದ್ದದ್ದು 2025ರಲ್ಲಿ 58, 2026ರ ಜನವರಿಯಿಂದ 63 ಆಗಿದೆ. ಅವಳು ಹೋಗುವ ರಾಜ್ಯದಲ್ಲಿ 27 ವರ್ಷ ತುಂಬದ ವಿದ್ಯಾರ್ಥಿಗಳಿಗೆ ಇದೇ ಪಾಸು ಇನ್ನೂ ಕಡಿಮೆ ದರದಲ್ಲಿ ಸಿಗುತ್ತದೆ. ಊರಿನ ಬಸ್ಸು, ಟ್ರಾಮು, ಎಸ್-ಬಾನ್ ಎಂಬ ಲೋಕಲ್ ರೈಲು ಮತ್ತು ದೇಶದ ಎಲ್ಲ ಪ್ರಾದೇಶಿಕ ರೈಲುಗಳಲ್ಲಿ ಇದು ನಡೆಯುತ್ತದೆ. ಐ.ಸಿ.ಇ.ಯಂಥ ವೇಗದ ರೈಲುಗಳಲ್ಲಿ ನಡೆಯುವುದಿಲ್ಲ. ಅಲ್ಲಿನ ನಿಲ್ದಾಣಗಳಲ್ಲಿ ಗೇಟಿಲ್ಲ, ಟಿಕೆಟ್ ಇಲ್ಲದೆ ಹತ್ತುವುದನ್ನು ತಡೆಯುವವರಿಲ್ಲ. ಸಾದಾ ಉಡುಪಿನ ತಪಾಸಕರು ಸಿಕ್ಕರೆ ದಂಡ 60 ಯೂರೊ.

ಈ ಪಾಸನ್ನು ಹಿಡಿದು ಮೊದಲ ಸೆಮಿಸ್ಟರಿನಲ್ಲೇ ಹೋಗಿ ಬರಬಹುದಾದ ಊರುಗಳು ಸ್ಟುಟ್‌ಗಾರ್ಟ್ ಸುತ್ತ ಎಷ್ಟಿವೆ ಎಂದರೆ, ಕನ್ನಡದ ಹುಡುಗಿಗೆ ಇದಕ್ಕಿಂತ ಒಳ್ಳೆಯ ಊರು ಜರ್ಮನಿಯಲ್ಲಿ ಸಿಕ್ಕುತ್ತಿರಲಿಲ್ಲ. ರೈಲಿನಲ್ಲಿ ಸುಮಾರು ಒಂದು ಗಂಟೆ ಹೋದರೆ ಟ್ಯೂಬಿಂಗನ್. ಧಾರವಾಡ, ಮಂಗಳೂರುಗಳಲ್ಲಿ ದುಡಿದು 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಕೊಟ್ಟ ಫರ್ಡಿನೆಂಡ್ ಕಿಟೆಲ್ ತಮ್ಮ ಕೊನೆಯ ದಿನಗಳನ್ನು ಕಳೆದ ಊರು ಅದು. ಅಲ್ಲಿನ ವಿಶ್ವವಿದ್ಯಾಲಯ 1896ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಅವರು ಅಲ್ಲೇ ತೀರಿಕೊಂಡರು. ಸ್ಟುಟ್‌ಗಾರ್ಟ್‌ನಿಂದ ಎಸ್-ಬಾನ್‌ನಲ್ಲಿ ಅರ್ಧ ಗಂಟೆಯೂ ಹಿಡಿಯದ ಎಸ್ಲಿಂಗನ್‌ನಲ್ಲಿ 1881ರಲ್ಲಿ ಹರ್ಮನ್ ಮೋಗ್ಲಿಂಗ್ ತೀರಿಕೊಂಡರು. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರತಂದವರು ಅವರು. ನಾವು ಇವತ್ತಿಗೂ ಪತ್ರಿಕಾ ದಿನ ಆಚರಿಸುವುದು ಆ ದಿನವೇ. ಇವರಿಬ್ಬರನ್ನೂ ಕಳಿಸಿದ ಬಾಸೆಲ್ ಮಿಷನ್ನಿನ ಊರಾದ, ಸ್ವಿಸ್ ಗಡಿಯೊಳಗಿನ ಬಾಸೆಲ್‌ಗೂ ಇದೇ ಪಾಸು ಮುಟ್ಟಿಸುತ್ತದೆ, ಬಾಡಿಷರ್ ಬಾನ್‌ಹೋಫ್ ನಿಲ್ದಾಣದವರೆಗೆ. ಉಡುಪಿ ಕಡೆಯ ನಿಮಗೆ ಬಾಸೆಲ್ ಮಿಷನ್ನಿನ ಶಾಲೆ, ಹಂಚಿನ ಕಾರ್ಖಾನೆಗಳ ಬಗ್ಗೆ ನಾನು ಹೇಳಬೇಕಿಲ್ಲ. ಅಜ್ಜನ ಮನೆಯ ಮಾಡಿಗೆ ಹೊದಿಸಿದ ಹಂಚಿನ ಕತೆ ಎಲ್ಲಿ ಶುರುವಾಯಿತು ಎಂದು ಕಂಡು ಬರುವುದು ಐಫೆಲ್ ಗೋಪುರದ ಮುಂದೆ ತೆಗೆಸಿಕೊಂಡ ಫೋಟೊಕ್ಕಿಂತ ಹೆಚ್ಚು ಕಾಲ ನೆನಪಿನಲ್ಲಿ ನಿಲ್ಲುತ್ತದೆ.

ಉಲ್ಮ್‌ನ ಚರ್ಚಿನ 161 ಮೀಟರಿನ ಶಿಖರ, ಹೈಡೆಲ್‌ಬರ್ಗ್‌ನ ಕೋಟೆ, ಬೋಡನ್ ಸರೋವರ, ಕಪ್ಪು ಕಾಡು ಎಲ್ಲವೂ ಇದೇ ಪಾಸಿನ ಅಳವಿಗೆ ಬರುತ್ತವೆ. ಕೇಲ್ ಎಂಬ ಗಡಿ ಊರಿನಿಂದ ಟ್ರಾಮ್ ಹತ್ತಿದರೆ ರೈನ್ ನದಿ ದಾಟಿ ಫ್ರಾನ್ಸಿನ ಸ್ಟ್ರಾಸ್‌ಬುರ್ಗ್. ಮುಂಬೈಗೂ ಸ್ಟುಟ್‌ಗಾರ್ಟ್‌ಗೂ 1968ರಿಂದ ಸಹೋದರ ನಗರದ ನಂಟಿದೆ ಎಂಬುದನ್ನೂ ಮಗಳಿಗೆ ಹೇಳಿ. ಅಲ್ಲಿನವರೊಂದಿಗೆ ಮಾತು ಶುರು ಮಾಡಲು ಒಳ್ಳೆಯ ನೆಪ.

ಎರಡನೇ ವರ್ಷದಲ್ಲಿ ದೂರದ ಪ್ರವಾಸ. ಯುರೋಪಿನ ಹಲವು ದೇಶಗಳ ರೈಲುಗಳಲ್ಲಿ ನಡೆಯುವ ಒಂದೇ ಪಾಸು ಇದೆ. ಯುರೋಪಿನ ಅಧಿಕೃತ ನಿವಾಸಿಯಾದ ಕಾರಣ ಅವಳಿಗೆ ಪ್ರವಾಸಿಗರ ಯೂರೇಲ್ ಅಲ್ಲ, ಇಂಟರ್‌ರೇಲ್ ಪಾಸು ಸಿಗುತ್ತದೆ. 27 ವರ್ಷದವರೆಗೆ ರಿಯಾಯಿತಿಯಿದೆ. ಆ ಪಾಸು ವಾಸದ ದೇಶದೊಳಗೆ ಹೋಗಲು ಒಂದು ಸಲ, ಬರಲು ಒಂದು ಸಲ ಮಾತ್ರ ನಡೆಯುತ್ತದೆ. ಫ್ರಾನ್ಸಿನ ವೇಗದ ರೈಲಿಗೂ ರಾತ್ರಿ ರೈಲಿಗೂ ಸೀಟು ಕಾಯ್ದಿರಿಸುವ ಹಣ ಬೇರೆ. ಅಗ್ಗದ ವಿಮಾನದಲ್ಲಿ ಹೋಗುವುದಾದರೆ ನಿಲ್ದಾಣ ಎಲ್ಲಿದೆ ಎಂದು ನಕ್ಷೆ ತೆರೆದು ನೋಡಲಿ. ಪ್ಯಾರಿಸ್ ಎಂದು ಮಾರುವ ಬೋವೆ ನಿಲ್ದಾಣ ಊರಿನಿಂದ ಸುಮಾರು 80 ಕಿಲೋಮೀಟರ್ ದೂರ.

ವಿಮೆಯ ಬಗ್ಗೆ ಬಹಳ ಮಂದಿಗೆ ಗೊತ್ತಿಲ್ಲದ ಒಂದು ಸಂಗತಿ. ಜರ್ಮನ್ ಸರ್ಕಾರಿ ವಿಮೆಯ ಕಾರ್ಡಿನ ಹಿಂಬದಿಯೇ ಯುರೋಪಿಯನ್ ಆರೋಗ್ಯ ಕಾರ್ಡು, ಫ್ರಾನ್ಸ್, ಇಟಲಿಯಂಥ ಒಕ್ಕೂಟದ ದೇಶಗಳಲ್ಲಿ ತುರ್ತು ಚಿಕಿತ್ಸೆಗೆ ಅದು ನಡೆಯುತ್ತದೆ. ಆದರೆ ಡೆನ್ಮಾರ್ಕ್, ಸ್ವಿಟ್ಜರ್‌ಲೆಂಡ್, ನಾರ್ವೆ, ಐಸ್‌ಲೆಂಡ್‌ಗಳಲ್ಲಿ ಯುರೋಪೇತರ ಪ್ರಜೆಗಳಿಗೆ ನಡೆಯುವುದಿಲ್ಲ. ಸ್ವಿಸ್ ಹಿಮದಲ್ಲಿ ಕಾಲು ಮುರಿದುಕೊಂಡರೆ ಬಿಲ್ಲು ಪೂರ್ತಿ ಕೈಯಿಂದ. ಬೆಟ್ಟದಿಂದ ಹೆಲಿಕಾಪ್ಟರಿನಲ್ಲಿ ಇಳಿಸುವ ಖರ್ಚಂತೂ ಇನ್ನೂ ದೊಡ್ಡದು. ವರ್ಷಕ್ಕೆ ಕೆಲವೇ ಯೂರೊಗಳಲ್ಲಿ ಸಿಗುವ ಪ್ರವಾಸ ವಿಮೆಯನ್ನು ಅವಳು ಖಂಡಿತ ಮಾಡಿಸಿಕೊಳ್ಳಲಿ, ಈ ದುಡ್ಡನ್ನು ಬೇಕಾದರೆ ನೀವೇ ಕೊಡಿ.

ಪ್ಯಾರಿಸ್ಸಿನ ಮೆಟ್ರೊ, ಬಾರ್ಸಿಲೋನಾ, ರೋಮ್‌ಗಳಲ್ಲಿ ಜೇಬುಗಳ್ಳರ ಕಾಟವಿದೆ. ದಾದರ್ ನಿಲ್ದಾಣದಲ್ಲಿ ಬ್ಯಾಗನ್ನು ಮುಂದಕ್ಕೆ ಹಾಕಿಕೊಂಡು ನಡೆಯುವ ಅಭ್ಯಾಸ ಅಲ್ಲೂ ಇರಲಿ. ಪಾಸ್‌ಪೋರ್ಟ್ ಕಳೆದರೆ ಮೊದಲು ಪೊಲೀಸ್ ದೂರು, ಆಮೇಲೆ ಹತ್ತಿರದ ಭಾರತೀಯ ಕಚೇರಿ. ಜರ್ಮನಿಯಲ್ಲಿ ಬರ್ಲಿನ್‌ನ ರಾಯಭಾರ ಕಚೇರಿಯ ಜತೆಗೆ ಫ್ರಾಂಕ್‌ಫರ್ಟ್, ಹ್ಯಾಂಬರ್ಗ್, ಮ್ಯೂನಿಕ್‌ಗಳಲ್ಲಿ ಕಾನ್ಸುಲೇಟ್‌ಗಳಿವೆ, ಸ್ಟುಟ್‌ಗಾರ್ಟ್ ಮ್ಯೂನಿಕ್‌ನ ವ್ಯಾಪ್ತಿಗೆ ಸೇರಿದೆ. ಯುರೋಪಿನಲ್ಲಿ ಎಲ್ಲೇ ಇದ್ದರೂ ತುರ್ತು ಸಂಖ್ಯೆ 112.

ಎಷ್ಟು ಬಿಡಬೇಕು, ಎಲ್ಲಿ ತಡೆಯಬೇಕು ಎಂದು ಕೇಳಿದ್ದೀರಿ. ಮೊಬೈಲಿನಲ್ಲಿ ಇಡೀ ದಿನ ಅವಳಿರುವ ಜಾಗ ತೋರಿಸುವಂತೆ ಕೇಳಬೇಡಿ. ಅದು ನಿಮ್ಮ ನಿದ್ದೆ ಕೆಡಿಸುತ್ತದೆಯೇ ಹೊರತು ಅವಳನ್ನು ಕಾಪಾಡುವುದಿಲ್ಲ. ಬದಲಿಗೆ ಮೂರು ವಿಷಯ ಕೇಳಿ: ಊರು ಬಿಡುವ ಮುಂಚೆ ಎಲ್ಲಿ ಉಳಿಯುತ್ತಾಳೆಂಬ ವಿಳಾಸ, ಜತೆಗಿರುವ ಒಬ್ಬರ ಫೋನ್ ನಂಬರು, ರಾತ್ರಿ ಕೋಣೆ ಸೇರಿದ ಮೇಲೆ ಒಂದು ಸಾಲಿನ ಸಂದೇಶ. ಒಬ್ಬಳೇ ಹೋಗುವುದನ್ನು ನಾನು ಬೇಡ ಎನ್ನುವುದಿಲ್ಲ. ಹಗಲಿನಲ್ಲಿ ಹೋಗಿ ಬರುವ ಊರುಗಳಲ್ಲಿ ಒಬ್ಬಳೇ ನಡೆದಾಡಿದಾಗ ಬರುವ ಧೈರ್ಯ ಗುಂಪಿನಲ್ಲಿ ಬರುವುದಿಲ್ಲ. ನಡುರಾತ್ರಿ ಅಪರಿಚಿತ ಊರಿನಲ್ಲಿ ಬಸ್ಸಿಳಿಯುವ ಟಿಕೆಟ್ ಮಾತ್ರ ಬೇಡ, ಎಷ್ಟೇ ಅಗ್ಗವಾದರೂ.

ಅವಳ ಅಪ್ಪನಿಗೆ ಒಂದು ಮಾತು. ಉಡುಪಿ, ದಕ್ಷಿಣ ಕನ್ನಡಗಳಿಂದ ಮುಂಬೈಗೆ ಬಂದ ನಮ್ಮ ಹಿರಿಯರಲ್ಲಿ ಹಗಲು ಹೋಟೆಲಿನಲ್ಲಿ ದುಡಿದು, ಫೋರ್ಟ್ ಪ್ರದೇಶದ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದವರು ಎಷ್ಟೋ ಮಂದಿ. ಅವರು ಶಾಲೆಯ ಪಾಠದ ಜತೆಗೆ ಮುಂಬೈಯನ್ನೂ ಕಲಿತರು, ಮರಾಠಿ ಕಲಿತರು, ಆ ಎರಡೂ ಸೇರಿಯೇ ಅವರ ಕೈ ಹಿಡಿದವು. ದೇಶ ಸುತ್ತು, ಕೋಶ ಓದು ಎಂದವರು ಎರಡನ್ನೂ ಒಟ್ಟಿಗೇ ಹೇಳಿದ್ದಾರೆ. ಮಗಳು ಮುಂದೆ ಅಲ್ಲೇ ಕೆಲಸಕ್ಕೆ ನಿಂತರೂ, ಚಾಕಣದ ಜರ್ಮನ್ ಕಾರ್ಖಾನೆಗೆ ಮರಳಿದರೂ, ಆ ಜನ ಹೇಗೆ ಬದುಕುತ್ತಾರೆ, ಯಾವುದಕ್ಕೆ ಬೇಸರಿಸುತ್ತಾರೆ, ಸಮಯವನ್ನು ಹೇಗೆ ನೋಡುತ್ತಾರೆ ಎಂಬ ಅರಿವು ಅವಳ ಅಂಕಪಟ್ಟಿಯಷ್ಟೇ ಕೆಲಸಕ್ಕೆ ಬರುತ್ತದೆ.

ಈಗ ಆ ಪಟ್ಟಿಗೆ ಬರೋಣ. ಲಂಡನ್ ತೆಗೆದುಹಾಕಲಿ. ರೋಮ್, ಪ್ರಾಗ್, ಪ್ಯಾರಿಸ್ ಎರಡನೇ ವರ್ಷಕ್ಕೆ, ಕೆಲಸದ ದುಡ್ಡು ಕೈಗೆ ಬಂದ ಮೇಲೆ. ಜ್ಯೂರಿಕ್ ಬದಲಿಗೆ ಬಾಸೆಲ್, ಅದೂ ಬೇಸಿಗೆಯಲ್ಲಿ. ಈ ಕ್ರಿಸ್‌ಮಸ್‌ಗೆ ಎಸ್ಲಿಂಗನ್‌ನ ಮಧ್ಯಯುಗದ ಮಾದರಿಯ ಸಂತೆಯನ್ನು ಪಾಸಿನಲ್ಲೇ ನೋಡಿ ಬರಲಿ. ಡಿ ವೀಸಾ ಇನ್ನೂ ಚಾಲ್ತಿಯಲ್ಲಿದ್ದರೆ ಒಂದು ದಿನ ಸ್ಟ್ರಾಸ್‌ಬುರ್ಗ್‌ಗೂ ಹೋಗಬಹುದು, ಆದರೆ ಡಿಸೆಂಬರ್ 24ರ ಮುಂಚೆಯೇ ಹೋಗಿ ಬರಲಿ. ಉಳಿದ ದಿನಗಳನ್ನು ಫೆಬ್ರವರಿಯ ಪರೀಕ್ಷೆಗೆ ಇಟ್ಟುಕೊಳ್ಳಲಿ. ಈಗಾಗಲೇ ಯಾವುದಾದರೂ ಟಿಕೆಟ್ ಕೊಂಡಿದ್ದರೆ ರದ್ದು ಮಾಡಿದಾಗ ಎಷ್ಟು ವಾಪಸ್ ಬರುತ್ತದೆ ಎಂದು ಈ ವಾರವೇ ನೋಡಿ, ವಿಮಾನ ಹೊರಡುವ ದಿನ ಹತ್ತಿರವಾದಷ್ಟೂ ಆ ಮೊತ್ತ ಇಳಿಯುತ್ತಾ ಹೋಗುತ್ತದೆ.